ಮುದ್ದೆ ಉಂಡು ಆಡಿದ ಫೈನಲ್

ನಮ್ಮ ಅಡುಗೆಮನೆಯಿಂದ "ರೀ, ಆ ಬೋಗುಣಿ ಸ್ವಲ್ಪ ಇಳಿಸ್ಕೊಡ್ರೀ" ಎಂಬ ಕೂಗು ಬಂದಾಗಲೆಲ್ಲ ಅದರ ಬೆನ್ನಿಗೇ ನನ್ನ ಕಿವಿಯಲ್ಲಿ ಒಂದು ಸೀಟಿಯೂ ಕೂಗುತ್ತದೆ. ಕುಕ್ಕರಿನದಲ್ಲ, ರೆಫರಿಯದು. ಬೋಗುಣಿಗೂ ಫುಟ್‌ಬಾಲಿಗೂ ಎಲ್ಲಿಂದೆಲ್ಲಿಯ ನಂಟು ಎಂದು ನೀವು ಕೇಳಬಹುದು. ಬೆಟ್ಟದ ನೆಲ್ಲಿಕಾಯಿಗೂ ಸಮುದ್ರದ ಉಪ್ಪಿಗೂ ಇರುವ ನಂಟೇ ಎನ್ನುತ್ತೇನೆ. ಅವು ಉಪ್ಪಿನಕಾಯಾಗಿ ಸೇರುವ ಭರಣಿ ಮಾತ್ರ ಇಲ್ಲಿ ಬೇರೆ.

ಅಮೆರಿಕದಲ್ಲಿ ಕಾಲೇಜು ಹುಡುಗರು ವರ್ಷದ ಕೊನೆಗೆ ಆಡುವ ದೊಡ್ಡ ಫುಟ್‌ಬಾಲ್ ಪಂದ್ಯಗಳಿಗೆ ಬೋಗುಣಿ ಎಂಬ ಅರ್ಥದ ಹೆಸರೇ ಇದೆಯಂತೆ. ಅಲ್ಲಿಯ ಚೆಂಡು ಮೊಟ್ಟೆಯಾಕಾರದ್ದು, ಅದಕ್ಕೆ ಕಾಲಿಗಿಂತ ಕೈಯ ಉಪಚಾರವೇ ಹೆಚ್ಚಂತೆ. ಇರಲಿ, ಅವರವರ ಆಟ ಅವರವರಿಗೆ. ಈ ಸಂಗತಿಯನ್ನು ಎಲ್ಲೋ ಓದಿದ ದಿನ ನಾನು ಕುಂದಲಹಳ್ಳಿಯ ಗೌಡರಿಗೆ ಮನಸ್ಸಿನಲ್ಲೇ ಕೈಮುಗಿದೆ. ಎಂಬತ್ತರ ದಶಕ ಆಗಷ್ಟೇ ಕಣ್ಣು ಬಿಡುತ್ತಿದ್ದಾಗ, ಊರಾಚೆಯ ಕಾಲೇಜುಗಳ ಪಂದ್ಯಾವಳಿಗೆ ಒಂದು ಕಪ್ ಕೊಡಿಸಿ ಎಂದು ಕೇಳಲು ಹೋದವರಿಗೆ ಆ ಗೌಡರು ಕೊಟ್ಟದ್ದು ಮನೆಯ ಅಟ್ಟದಿಂದ ಇಳಿಸಿದ, ಹುಣಸೆಹಣ್ಣು ಹಾಕಿ ಉಜ್ಜಿದ, ಎರಡು ಕೈಯಲ್ಲಿ ಎತ್ತಬೇಕಾದ ಒಂದು ಕಂಚಿನ ಬೋಗುಣಿ. "ಕಪ್ಪು ಅಂದ್ರೆ ಒಬ್ಬ ಕುಡಿಯಾಕೆ. ಆಡೋರು ಅನ್ನೊಂದು ಜನ ಅವ್ರಲ್ಲಪ್ಪ!" ಎಂಬುದು ಅವರ ವಾದ. ನಮ್ಮ ಕಾಲೇಜಿನ ತರ್ಕಶಾಸ್ತ್ರದ ಪುಸ್ತಕದಲ್ಲೂ ಇಷ್ಟು ಗಟ್ಟಿ ವಾದ ಇರಲಿಲ್ಲ.

ಆ ಬೋಗುಣಿಗಾಗಿ ಫೈನಲ್ ಆಡಬೇಕಾಗಿ ಬಂದದ್ದು ಜಾಲಹಳ್ಳಿ ಕಡೆಯ ನಮ್ಮ ಕಾಲೇಜಿಗೂ ವೈಟ್‌ಫೀಲ್ಡ್ ಕಡೆಯ ಒಂದು ಕಾಲೇಜಿಗೂ. ಅದಕ್ಕೆ ಮೊದಲು ನಾವು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಬೆಂಗಳೂರಿನ ಮುಂಬಾಗಿಲಿನವರಿಗೆ ಹಿತ್ತಿಲ ಬಾಗಿಲಿನವರ ಪರಿಚಯ ಇರುವುದಾದರೂ ಹೇಗೆ? ಯಾವುದು ಮುಂಬಾಗಿಲು, ಯಾವುದು ಹಿತ್ತಿಲು ಎಂಬ ಜಗಳ ಬೇರೆ. ನಾವು ಕಾರ್ಖಾನೆಯ ಕ್ವಾರ್ಟರ್ಸಿನ ಮಕ್ಕಳು, ಸೈರನ್ ಕೂಗಿದರೆ ಏಳುವ, ಸೈರನ್ ಕೂಗಿದರೆ ಉಣ್ಣುವ ಜಾತಿ. ಅವರು ರಾಗಿ ಹೊಲದ, ದ್ರಾಕ್ಷಿ ತೋಟದ ಮಕ್ಕಳು. ಹಸು ಕೂಗಿದರೆ ಏಳುವವರು.

ನಮ್ಮ ಪಾಲಿಗೆ ಈ ಪಂದ್ಯದಲ್ಲಿ ಬೋಗುಣಿಗಿಂತ ದೊಡ್ಡದೊಂದು ಸಂಗತಿ ಇತ್ತು. ಅದು ಲೋಕೇಶನ ಮನೆ. ಲೋಕೇಶ ನಮ್ಮ ಮುಂಚೂಣಿ ಆಟಗಾರ, ಕ್ವಾರ್ಟರ್ಸಿನಲ್ಲಿ ನನ್ನ ಗೋಡೆಯಾಚೆಯ ಗೆಳೆಯ. ಅವನು ಕೆಮ್ಮಿದರೆ ನಮ್ಮಮ್ಮ ಕಷಾಯಕ್ಕೆ ನೀರಿಡುತ್ತಿದ್ದಳು, ಅಷ್ಟು ತೆಳುವಾದ ಗೋಡೆ. ಅವನ ಅಪ್ಪ ಆರೋಗ್ಯ ಕೆಟ್ಟು ಅವಧಿಗೆ ಮೊದಲೇ ನಿವೃತ್ತರಾಗಿದ್ದರು. ಕೆಲಸ ಇರುವವರೆಗೆ ಮನೆ, ಕೆಲಸ ಹೋದರೆ ಬೀಗದ ಕೈ ವಾಪಸ್ಸು. ಅದು ಕ್ವಾರ್ಟರ್ಸಿನ ಧರ್ಮ. ಯುಗಾದಿಯೊಳಗೆ ಮಗನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದರೆ ಮಾತ್ರ ಅವರು ಅಲ್ಲಿ ಉಳಿಯಬಹುದಿತ್ತು. ಕಾರ್ಖಾನೆಯ ಫುಟ್‌ಬಾಲ್ ತಂಡಕ್ಕೆ ಒಬ್ಬ ಚುರುಕು ಓಟದ ಹುಡುಗ ಬೇಕಾಗಿದ್ದ. ತಂಡಕ್ಕೆ ಸೇರಿದವನಿಗೆ ಕೆಲಸವೂ ಖಾತ್ರಿ. ಆ ತಂಡದ ಕೋಚ್ ಸಾಹೇಬರು ಫೈನಲ್ ನೋಡಲು ತಾವೇ ಬರುತ್ತೇನೆಂದಿದ್ದರು. ಲೋಕೇಶ ಓಡಿದರೆ ಸಾಕಿತ್ತು. ಓಡುವುದೊಂದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ, ಊರಿನ ಈ ತುದಿಯಿಂದ ಆ ತುದಿಗೆ ತೂಕಡಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ನಾವು ಕುಂದಲಹಳ್ಳಿ ಮುಟ್ಟಿದೆವು. ಮೈದಾನದ ಪಕ್ಕದಲ್ಲೇ ಗೌಡರ ಮನೆ. ಜಗಲಿಯ ಮೇಲೆ ಗೌಡರ ತಾಯಿ ಮುನಿಯಮ್ಮಜ್ಜಿ ನಿಂತಿದ್ದರು. ನಾವು ಬೂಟಿನ ಲೇಸು ಕಟ್ಟಿಕೊಳ್ಳಲು ಜಾಗ ಕೇಳಿದರೆ ಅಜ್ಜಿ ಕಾಲು ತೊಳೆಯಲು ನೀರು ಕೊಟ್ಟರು.

"ಮೊದಲ್ನೇ ಕಿತ ನಮ್ಮೂರಿಗೆ ಬಂದಿದ್ದೀರಾ. ಬರೀ ಒಟ್ಟೇಲಿ ಆಡುಸ್ದೆ ಅಂದ್ರೆ ನಾಳೆ ನಾನು ಊರ್ನೋರ್ಗೆ ಮೊಕ ತೋರ್ಸಾದ್ ಎಂಗೆ?"

ಮೊದಲ ಸಲ ಮನೆಗೆ ಬಂದವರು ಉಣ್ಣದೆ ಹೋಗಬಾರದು, ಉಣ್ಣುವಾಗ ಬಡಿಸಿದ್ದಕ್ಕೆ ಬೇಡ ಎನ್ನಬಾರದು. ಇದು ಆ ಸೀಮೆಯ ಶಾಸನ. ಹಿತಕಿದ ಅವರೆಬೇಳೆಯ ಸಾರು ಕುದಿಯುತ್ತಿತ್ತು. ಅದರ ಘಮಲು ಮೂಗಿಗೆ ಬಡಿದ ಮೇಲೆ ನಮ್ಮ ಶಿಸ್ತು ಎಲ್ಲಿ ಅಡಗಿಕೊಂಡಿತೋ ನಾನರಿಯೆ. ಮಗುವಿನ ತಲೆಯಷ್ಟು ಗಾತ್ರದ ಮುದ್ದೆಗಳು ಎಲೆಗೆ ಇಳಿದವು. "ಮಗಾ, ಇದು ಪ್ಲ್ಯಾನ್ ಕಣೋ. ಹೊಟ್ಟೆ ಭಾರ ಮಾಡಿ ಸೋಲಿಸ್ತಾರೆ" ಎಂದು ನಮ್ಮ ಗೋಲ್‌ಕೀಪರ್ ನನ್ನ ಕಿವಿಯಲ್ಲಿ ಉಸುರಿದ. ಅವನ ಅನುಮಾನ ಇನ್ನೂ ಬಾಯಲ್ಲಿರುವಾಗಲೇ ಆ ಕಡೆಯ ಹನ್ನೊಂದು ಮಂದಿಯೂ ಒಳಬಂದು, ನೆಂಟರನ್ನು ಒಂಟಿಯಾಗಿ ಉಣ್ಣಲು ಬಿಡಬಾರದೆಂಬ ಇನ್ನೊಂದು ಶಾಸನದ ಪ್ರಕಾರ, ನಮ್ಮೆದುರು ಪಂಕ್ತಿಯಲ್ಲಿ ಕೂತು ನಮಗಿಂತ ಒಂದು ಮುದ್ದೆ ಹೆಚ್ಚೇ ನುಂಗಿದರು. ಎದುರಾಳಿ ಎಂಬ ಪದಕ್ಕೆ ಎದುರು ಕೂತು ಉಣ್ಣುವ ಆಳು ಎಂಬ ಅರ್ಥವೂ ಇದೆಯೆಂದು ನಿಘಂಟಿನವರು ಯಾಕೆ ಬರೆದಿಲ್ಲವೋ! ರೆಫರಿಯೂ ಪಂಕ್ತಿಯ ಕೊನೆಯಲ್ಲಿದ್ದರು.

ಲೋಕೇಶನೊಬ್ಬ ಒಂದು ಮುದ್ದೆಗೇ ಸಾಕೆಂದು ಕೈ ಅಡ್ಡ ಹಿಡಿದ. ಅಜ್ಜಿ ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು.

"ಯಾಕ್ಲಾ ಮಗ, ಎಣ್ಣು ನೋಡಕ್ ಬಂದೋನಂಗೆ ನಾಚ್ಕೋತೀಯಾ? ಉಣ್ಣು. ನಿಮ್ಮವ್ವ ಆಕಿದ್ರೆ ಬ್ಯಾಡ ಅಂತಿದ್ದಾ?"

ಆ ಮಾತಿಗೆ ಲೋಕೇಶನ ಕೈ ಪಕ್ಕಕ್ಕೆ ಸರಿಯಿತು. ಎರಡನೆಯದು ಬಂತು, ಅದರ ಹಿಂದೆ ಮೂರನೆಯದೂ ಬಂತು. ಅವನ ಮೇಲೆ ನನಗೆ ಸಿಟ್ಟೂ ಬಂತು, ಮುದ್ದೂ ಬಂತು. ಬೇಡ ಎನ್ನಲು ಬಾರದವನ ಮೇಲೆ ಯಾರಿಗಾದರೂ ಎಷ್ಟು ಹೊತ್ತು ಸಿಟ್ಟಿರುತ್ತದೆ?

ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಎಂಬ ಮಾತಿದೆ. ನಿಜವೇ ಇರಬಹುದು. ಆದರೆ ಬೆಟ್ಟ ಕಿತ್ತವನು ಆಮೇಲೆ ಓಡಿದನೆಂದು ಆ ಮಾತು ಎಲ್ಲಿಯೂ ಹೇಳುವುದಿಲ್ಲ. ಅಂಥ ಪಂದ್ಯವನ್ನು ನಾನು ಮುಂದೆಂದೂ ನೋಡಲಿಲ್ಲ. ಇಪ್ಪತ್ತೆರಡು ಜನ ಮದುವೆಯೂಟ ಮುಗಿಸಿ ಎಲೆ ಅಡಿಕೆ ಹುಡುಕುವವರಂತೆ ಮೈದಾನದಲ್ಲಿ ಸುಳಿದಾಡಿದೆವು. ಚೆಂಡು ಒಬ್ಬನ ಬಳಿ ಬಂದರೆ ಉಳಿದವರು ಅವನ ಸುತ್ತ ಸೌಜನ್ಯದಿಂದ ಕಾಯುತ್ತಿದ್ದರು. ರೆಫರಿ ಆಟ ಶುರುಮಾಡಲು ಒಂದು ಸಲ ಸೀಟಿ ಊದಿದ್ದಷ್ಟೇ, ಆಮೇಲೆ ಊದುವ ಬದಲು ಕೈಯೆತ್ತುತ್ತಿದ್ದರು. ಊದಿದರೆ ಸಾರು ಮೇಲೆ ಬರುತ್ತಿತ್ತೆಂದು ಆಮೇಲೆ ತಿಳಿಯಿತು. ಊರವರು ಮಾತ್ರ ಇದೇ ಫುಟ್‌ಬಾಲ್ ಎಂದು ನಂಬಿ ಬಲು ಸಂತೋಷಪಟ್ಟರು.

ಸಂತೋಷಪಡದಿದ್ದವರು ಒಬ್ಬರೇ, ಆಟ ಶುರುವಾದ ಮೇಲೆ ಬಂದಿಳಿದ ಕೋಚ್ ಸಾಹೇಬರು. ಅವರು ಮುದ್ದೆಯನ್ನು ನೋಡಿರಲಿಲ್ಲ, ಮುದ್ದೆಯ ಪರಿಣಾಮವನ್ನಷ್ಟೇ ನೋಡಿದರು. ಕೊನೆಯ ಗಳಿಗೆಯಲ್ಲಿ ಚೆಂಡು ಖಾಲಿ ಗೋಲಿನ ಮುಂದೆ ಬಿತ್ತು. ಲೋಕೇಶ ಹೊರಟ. ಬೇರೆ ದಿನವಾಗಿದ್ದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಟ್ಟುತ್ತಿದ್ದ. ಅಂದು ಅವನು ಹೊಟ್ಟೆ ಹಿಡಿದುಕೊಂಡು ತಲುಪುವ ಹೊತ್ತಿಗೆ ಚೆಂಡು ತಾನೇ ಗೋಲುಕಂಬದ ಹೊರಗಿಂದ ಉರುಳಿ ಗೆರೆಯಾಚೆಯ ಹುಲ್ಲಿನಲ್ಲಿ ಮಲಗಿತ್ತು.

ಯಾರೂ ಗೋಲು ಹೊಡೆಯಲಿಲ್ಲ, ಮತ್ತೆ ಆಡಲು ಯಾರಿಗೂ ತ್ರಾಣವಿರಲಿಲ್ಲ. ಇಬ್ಬರೂ ಗೆದ್ದಿರಿ ಎಂದು ಗೌಡರೇ ತೀರ್ಪಿತ್ತರು. ಬೋಗುಣಿಗೆ ಪಾನಕ ಸುರಿದು ಎಲ್ಲರೂ ಹಂಚಿಕೊಂಡು ಕುಡಿಯುತ್ತಿದ್ದಾಗ ನಾವು ಕೋಚ್ ಸಾಹೇಬರ ಹಿಂದೆ ಬಿದ್ದೆವು. "ಸಾರ್, ಊಟ ಜಾಸ್ತಿಯಾಗ್ಬಿಡ್ತು ಸಾರ್, ಇವ್ನು ಸಕ್ಕತ್ತಾಗಿ ಓಡ್ತಾನೆ ಸಾರ್."

"ಮ್ಯಾಚ್ ದಿನ ಮುದ್ದೆ ತಿನ್ನೋನ್ನ ನಾನು ಟೀಮಿಗೆ ಹೇಗಪ್ಪಾ ತಗೊಳ್ಳಲಿ?" ಎಂದು ನಕ್ಕು, ಲೋಕೇಶನ ಬೆನ್ನು ತಟ್ಟಿ, ಹೊರಟುಹೋದರು. ಕೆಟ್ಟವರಲ್ಲ, ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ. ಲೋಕೇಶ ಗೋಲುಕಂಬಕ್ಕೆ ಒರಗಿ ನಿಂತುಬಿಟ್ಟ. ನನಗೆ ಅಳು ಬಂತು.

ಅಜ್ಜಿ ಪಾನಕದ ಲೋಟ ಹಿಡಿದು ಅಲ್ಲೇ ನಿಂತಿದ್ದರು. ಏನಾಯಿತೆಂದು ಕೇಳಿದರು. ಲೋಕೇಶ "ಏನಿಲ್ಲ ಅಜ್ಜಿ" ಎಂದ. ನಾನು ಎಲ್ಲವನ್ನೂ ಹೇಳಿದೆ. ಅಜ್ಜಿ ಪಾನಕದ ಲೋಟವನ್ನು ಲೋಕೇಶನ ಕೈಗಿತ್ತರು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಅಂದರು:

"ನನ್ ಮುದ್ದೆಯಿಂದ ನಿಮ್ಮನೆ ಓಯ್ತಾ ಮಗ? ಅಂಗಾರೆ ಓಗಿ ನಿಮ್ಮಪ್ಪಂಗೆ ಯೋಳು. ನಮ್ಮ ಕೊಟ್ಟಿಗೆ ಪಕ್ಕದ ಮನೆ ಖಾಲಿ ಐತೆ."

ನೆಂಟರನ್ನು ಸಮಾಧಾನಪಡಿಸುವ ಮಾತು ಎಂದುಕೊಂಡೆವು. ಆದರೆ ಯುಗಾದಿ ಹತ್ತಿರವಾದಾಗ ಗೌಡರ ಎತ್ತಿನ ಗಾಡಿ ಇಡೀ ಬೆಂಗಳೂರನ್ನು ದಾಟಿ ನಮ್ಮ ಕ್ವಾರ್ಟರ್ಸಿನ ಬಾಗಿಲಿಗೆ ಬಂದು ನಿಂತಿತು. ಜೊತೆಗೆ ಬಂದವರು ಅವರ ತಂಡದ ಹುಡುಗರು. ಮಂಚದ ಒಂದು ಕಾಲು ಅವರು ಹಿಡಿದರೆ ಇನ್ನೊಂದನ್ನು ನಾವು ಹಿಡಿದೆವು. ಗೋಡೆಯಾಚೆಯ ಮನೆ ಬರಿದಾಯಿತು. ನಾನೂ ಗಾಡಿಯ ಜೊತೆ ಹೋದೆ.

ಹೆಂಚಿನ ಮನೆ, ಸಾರಿಸಿದ ನೆಲ, ಬಾಗಿಲಿಗೆ ಮಾವಿನ ತೋರಣ. ಬಾಡಿಗೆಯೂ ನಿಗದಿಯಾಗಿತ್ತೆನ್ನಿ, ಲೋಕೇಶನ ಅಪ್ಪ ಪುಕ್ಕಟೆ ಇರುವವರಲ್ಲ. ದುಡಿಮೆಯ ಕಾಲವನ್ನೆಲ್ಲ ಬೇರೆಯವರ ಬೀಗದ ಕೈ ಇಟ್ಟುಕೊಂಡು ಬಾಳಿದ ಆ ಮನುಷ್ಯ ಹೊಸಿಲಿನ ಈಚೆಗೇ ನಿಂತು, ಒಳಗೆ ಕಾಲಿಡದೆ, ಮೆಲ್ಲಗೆ ಕೇಳಿದರು.

"ಅಮ್ಮಾ, ಎಷ್ಟು ದಿನ ಇರಬಹುದು ನಾವು?"

ಅಜ್ಜಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಗೌಡರ ಮುಖ ನೋಡಿದರು, ನಮ್ಮ ಮುಖ ನೋಡಿದರು.

"ಎಷ್ಟು ದಿನ ಅಂದ್ರೆ? ಮನೆ ಅಲ್ವೇನಪ್ಪಾ ಇದು?"

ಲೋಕೇಶನ ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತುಕೊಂಡರು. ಲೋಕೇಶ ಅವರ ಹೆಗಲ ಮೇಲೆ ಕೈಯಿಟ್ಟ. ನಾವು ಎರಡೂ ಕಾಲೇಜಿನ ಹುಡುಗರು ಮಂಚವನ್ನು ಹೊತ್ತುಕೊಂಡೇ, ಅವರು ಈಚೆ ತಿರುಗುವವರೆಗೆ, ಬಾಗಿಲಲ್ಲಿ ಕಾದೆವು.