ಹನ್ನೊಂದನೆಯ ಗಾಜು

ತ್ರೆವೆಲ್ಲೊ ಕೋಟೆಯಲ್ಲಿ ದೆವ್ವ ಇರಲಿಲ್ಲ. ನಮ್ಮೂರಿಗೆ ಅದೇ ದೊಡ್ಡ ತಲೆನೋವಾಗಿತ್ತು. ಕಣಿವೆಯ ಆಚೆ ಬದಿಯ ಕೋಟೆಯಲ್ಲಿ ಗೋಡೆಯೊಳಗೆ ಜೀವಂತ ಹೂತ ರಾಜಕುಮಾರಿ ಇದ್ದಾಳೆ. ಅದರಾಚೆಯ ಊರಿನಲ್ಲಿ ತಲೆಯಿಲ್ಲದ ಪಾದ್ರಿ ಇದ್ದಾನೆ. ಬೇಸಿಗೆ ಬಂತೆಂದರೆ ಹಳೇ ಕೋಟೆ ನೋಡುವ ಮಂದಿಯ ಕಾರುಗಳೆಲ್ಲ ಅಲ್ಲಿಗೇ ಓಡುತ್ತವೆ. ನಮ್ಮಲ್ಲಿ ಇದ್ದದ್ದು ಒಂದು ಗೋಪುರ, ಒಂದು ಕಮಾನು, ಕೋಟೆಯ ಬುಡಕ್ಕೆ ಅಂಟಿಕೊಂಡ ಮೂವತ್ತು ಮನೆ ಮತ್ತು ಕೋಟೆಯ ಬೀಗದ ಕೈ ಇಟ್ಟುಕೊಂಡಿದ್ದ ಇಲ್ವಾ ಎಂಬ ಹೆಂಗಸು.

ಕಾಫಿ ಅಂಗಡಿಯ ಒರಿಯೆತ್ತಾ ಅವಳನ್ನು ಎಷ್ಟು ಸಲ ಗೋಗರೆದಿದ್ದಳೋ ಲೆಕ್ಕವಿಲ್ಲ.

"ಒಂದು ಸಣ್ಣ ದೆವ್ವ ಸಾಕು ಕಣೇ. ಯಾರ ಗಂಟು ಹೋಗತ್ತೆ?"

"ಆ ಕೋಟೇಲಿ ಇದ್ದೋರು ಉಪ್ಪಿನ ಸುಂಕ ವಸೂಲಿ ಮಾಡೋರು ಒರಿಯೆತ್ತಾ. ಬದುಕಿದ್ದಾಗಲೇ ಎಲ್ಲಾ ದೋಚಿಕೊಂಡಿದಾರೆ. ಸತ್ತ ಮೇಲೆ ಇನ್ನೇನಕ್ಕೆ ಬರ್ತಾರೆ?"

ಇಲ್ವಾ ಇದ್ದದ್ದೇ ಹಾಗೆ. ಯಾರಾದರೂ ಕತ್ತಲ ಕೋಣೆ ಕಂಡು, ಇಲ್ಲಿ ಯಾರನ್ನು ಸೆರೆಯಿಟ್ಟಿದ್ದರು ಎಂದು ಆಸೆಯಿಂದ ಕೇಳಿದರೆ, ಇದು ಚೆಸ್ಟ್‌ನಟ್ ಕಾಯಿ ಒಣಗಿಸುತ್ತಿದ್ದ ಕೋಣೆ ಎನ್ನುತ್ತಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದಳು. ಬಂದವರ ಮುಖ ಸಪ್ಪಗಾಗುತ್ತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಅರವತ್ತೊಂದು ವರ್ಷದ ವಿಧವೆ, ಬಕೆಟ್ಟಿನ ಹಿಡಿಯಂಥ ಗಟ್ಟಿ ಕೈಗಳು, ಗಂಡನ ಹಳೇ ಕೋಟು. ಅವಳ ಬಾಯಿಂದ ಒಂದು ಸುಳ್ಳು ಹೊರಡಿಸುವುದಕ್ಕಿಂತ ಗೋಪುರವನ್ನು ಕಣಿವೆಯ ಆಚೆಗೆ ಸಾಗಿಸುವುದು ಸುಲಭ ಎಂದು ನಾವೆಲ್ಲ ನಗುತ್ತಿದ್ದೆವು.

ನಾನು ನೆಲ್ಲೊ. ಕಿಟಕಿಗಳಿಗೆ ಗಾಜು ಕೂರಿಸುವವನು, ಫೋಟೋಗಳಿಗೆ ಕಟ್ಟು ಹಾಕುವವನು. ಕಮಾನಿಗೆ ಒರಗಿದ ಮನೆ ನನ್ನದು, ಓಣಿಯ ಎದುರಿಗೆ ಇಲ್ವಾಳದು. ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಹೇಳಬೇಕಾದ್ದು ಇದಕ್ಕಿಂತ ಕೆಟ್ಟದ್ದಿದೆ.

ಐದು ವರ್ಷದ ಹಿಂದೆ ಭೂಮಿ ನಡುಗಿ, ಗೋಡೆಗಳು ಅಲ್ಲಲ್ಲಿ ಬಿರುಕು ಬಿಟ್ಟವು. ನಗರದಿಂದ ಇಂಜಿನಿಯರ್ ಫೊರ್ನಾರಿ ಎಂಬಾತ ಬಂದ. ಬಿರುಕುಗಳ ಮೇಲೆ ಅಡ್ಡಲಾಗಿ ಗೇಣುದ್ದದ ತೆಳು ಗಾಜಿನ ಪಟ್ಟಿಗಳನ್ನಿಟ್ಟು, ಎರಡೂ ತುದಿಗೆ ಗಾರೆ ಮೆತ್ತಿ, ಮಸಿಯಲ್ಲಿ ನಂಬರು, ತಾರೀಖು ಬರೆದ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಊರಿನಲ್ಲಿ ಒಟ್ಟು ಹದಿನೆಂಟು. ಪ್ರತಿ ಶನಿವಾರ ಅವನ್ನು ನೋಡಿ, ಪುಸ್ತಕದಲ್ಲಿ ಬರೆದು, ಒಂದು ಒಡೆದಿದ್ದರೂ ತನಗೆ ಫೋನು ಮಾಡುವ ಕೆಲಸವನ್ನು ಅವನು ಇಲ್ವಾಳಿಗೆ ಒಪ್ಪಿಸಿದ. ಬೇರೆ ಯಾರಿಗೆ ಒಪ್ಪಿಸಿಯಾನು?

ಮರುವರ್ಷದ ಚಳಿಗಾಲಕ್ಕೆ ಮುಂಚೆ ನಾಲ್ಕನೇ ಗಾಜು ಒಡೆಯಿತು. ಅದಿದ್ದದ್ದು ಎಜಿಸ್ತೊನ ಮನೆಯ ಗೋಡೆಯಲ್ಲಿ. ಎಜಿಸ್ತೊ ನನ್ನ ಇಸ್ಪೀಟಿನ ಜೊತೆಗಾರ, ಕೋಳಿ ಸಾಕಿಕೊಂಡಿದ್ದ ಒಂಟಿ ಮನುಷ್ಯ. ಇನ್ನೂ ಒಂದು ವಾರ ಬಿಟ್ಟು ನೋಡು ಎಂದು ಇಲ್ವಾಳನ್ನು ಬೇಡಿಕೊಂಡ. ಇಲ್ವಾ ಅವನ ಎದುರಿಗೇ ಫೋನು ಮಾಡಿದಳು. ನಾಲ್ಕು ದಿನದಲ್ಲಿ ಅವನ ಬಾಗಿಲಿಗೆ, ಇಲ್ಲಿ ವಾಸ ಕೂಡದೆಂಬ ಕೆಂಪು ಪಟ್ಟಿ ಬಿತ್ತು. ಅವನನ್ನು ಕೆಳಗೆ ರೈಲು ನಿಲ್ದಾಣದ ಪಕ್ಕದ ಫ್ಲ್ಯಾಟುಗಳಿಗೆ ಸಾಗಿಸಿದರು. ಮೂರನೇ ಮಹಡಿಯಲ್ಲಿ ಕೋಳಿಗಳಿಗೆ ಜಾಗವಿರಲಿಲ್ಲ. ದಿನವಿಡೀ ಕಿಟಕಿಯ ಬಳಿ ಕೂತು ಮೇಲಿನ ಕೋಟೆ ನೋಡುತ್ತಿದ್ದವನು ಈಸ್ಟರ್ ಕಾಣಲಿಲ್ಲ. ಹೃದಯದ ಕಾಯಿಲೆ ಎಂದರು ಡಾಕ್ಟರು. ಇಲ್ವಾಳ ಫೋನು ಎಂದೆವು ನಾವು.

ಆಮೇಲೆ ಊರು ಅವಳಿಗೆ ಮುಖ ತಿರುಗಿಸಿತು. ಅವಳು ಕಾಫಿ ಅಂಗಡಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಈಸ್ಟರಿಗೆ ಮನೆಮನೆಗೆ ಹಂಚುವ ಸೊಪ್ಪು ತುಂಬಿದ ರೊಟ್ಟಿ ಅವಳ ಬಾಗಿಲು ದಾಟಿ ಮುಂದಿನ ಮನೆಗೆ ಹೋಗುತ್ತಿತ್ತು. ಇದರಲ್ಲಿ ನಾನೇ ಎಲ್ಲರಿಗಿಂತ ಮುಂದು. ಶನಿವಾರ ಅವಳು ಕನ್ನಡಕ ಏರಿಸಿಕೊಂಡು ಓಣಿಗೆ ಇಳಿದರೆ ಸಾಕು, ನಾನು ಕೆಲಸದ ಮೇಜಿನಿಂದಲೇ ಕೂಗುತ್ತಿದ್ದೆ: "ಬಾಗ್ಲು ಹಾಕ್ಕೊಳ್ರಪ್ಪಾ, ಫೋನು ಬಂತು."

ಅವಳು ಒಮ್ಮೆಯೂ ತಿರುಗಿ ಮಾತಾಡಲಿಲ್ಲ. ಗಾಜು ನೋಡುತ್ತಿದ್ದಳು, ಬರೆಯುತ್ತಿದ್ದಳು, ಹೋಗುತ್ತಿದ್ದಳು. ಮೂರು ವರ್ಷ ಹೀಗೇ ನಡೆಯಿತು.

ಈ ವರ್ಷದ ಫೆಬ್ರವರಿಯ ಒಂದು ಗುರುವಾರ ಬೆಳಗ್ಗೆ ಬಾಗಿಲು ತೆಗೆದರೆ ಹನ್ನೊಂದನೆಯ ಗಾಜು ನಡುವೆ ಸೀಳಿಹೋಗಿತ್ತು. ಹನ್ನೊಂದು ನನ್ನ ಗೋಡೆಯದು, ಕಮಾನು ನನ್ನ ಮನೆಗೆ ಕೂಡುವ ಕಡೆ ಇದ್ದದ್ದು. ಆ ಮನೆಯಲ್ಲೇ ಹುಟ್ಟಿದವನು ನಾನು, ನನ್ನ ಹೆಂಡತಿ ಸತ್ತದ್ದೂ ಅಲ್ಲಿ. ಕಣ್ಣ ಮುಂದೆ ಬಂದದ್ದು ಗೋಡೆಯಲ್ಲ, ಮೂರನೇ ಮಹಡಿಯ ಕಿಟಕಿಯಲ್ಲಿ ಕೂತ ಎಜಿಸ್ತೊ. ಕಮಾನಿನ ಕೆಳಗೆ ಜನ ಓಡಾಡುತ್ತಾರೆ ಎಂಬುದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಎಂಟು ನೂರು ವರ್ಷ ನಿಂತದ್ದು ಇನ್ನು ನಾನಿರುವಷ್ಟು ದಿನ ನಿಲ್ಲದೇನು ಎಂದು ನನಗೆ ನಾನೇ ಹೇಳಿಕೊಂಡೆ.

ಗಾಜು ನನ್ನ ಕಸುಬು. ಒಡೆದದ್ದನ್ನು ಕಿತ್ತು, ಅದೇ ಅಳತೆಯ ಒಂದು ಪಟ್ಟಿ ಕೊಯ್ದೆ. ಗಾರೆ ಕಲಸಿ ಕೂರಿಸಿದೆ. ಗಾರೆಗೆ ಕಾಫಿಯ ನೀರು, ಒಲೆಯ ಮಸಿ ಒರೆಸಿ ಹಳತು ಮಾಡಿದೆ. ಐದು ವರ್ಷದ ಹಿಂದಿನ ತಾರೀಖನ್ನು ಇಂಜಿನಿಯರನ ಕೈಬರಹದಂತೆಯೇ ಬರೆದೆ. ನಿಜ ಹೇಳುತ್ತೇನೆ, ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ನನ್ನ ಕೆಲಸದ ಬಗ್ಗೆ ಹೆಮ್ಮೆಯೇ ಆಯಿತು.

ಶನಿವಾರ ಇಲ್ವಾ ಬಂದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಹನ್ನೊಂದರ ಮುಂದೆ ಅವಳು ಎಂದಿಗಿಂತ ಹೆಚ್ಚು ಹೊತ್ತು ನಿಂತಳು. ಗಾಜಿಗೆ ಮೂಗು ತಾಗುವಷ್ಟು ಬಗ್ಗಿದಳು. ಏನಾದರೂ ಮಾಡಿ ಅವಳನ್ನು ಅಲ್ಲಿಂದ ಸರಿಸಬೇಕಿತ್ತು.

"ಕಾಫಿ ಇಟ್ಟಿದೀನಿ ಇಲ್ವಾ. ಆರತ್ತೆ, ಬಾ," ಎಂದೆ.

ಮೂರು ವರ್ಷದಲ್ಲಿ ಅವಳಿಗೆ ನಾನಾಡಿದ ಮೊದಲ ನೇರ ಮಾತು. ಅವಳು ನೆಟ್ಟಗಾಗಿ ನನ್ನನ್ನು ನೋಡಿದಳು, ಆಮೇಲೆ ಗಾಜನ್ನು, ಮತ್ತೆ ನನ್ನನ್ನು. ಕಿವಿಯವರೆಗೂ ಕೆಂಪಾದಳು. ಪುಸ್ತಕ ತೆಗೆದು ಏನೋ ಬರೆದು ಒಳಗೆ ಬಂದಳು. ಸಕ್ಕರೆ ಎಷ್ಟು ಎಂದು ಕೇಳಬೇಕಾಯಿತು. ನಲವತ್ತು ವರ್ಷ ಎದುರು ಮನೆಯಲ್ಲಿದ್ದವಳಿಗೆ ಸಕ್ಕರೆ ಬೇಡವೆಂದು ಅವತ್ತೇ ನನಗೆ ತಿಳಿದದ್ದು.

ಗೆದ್ದೆ ಅಂದುಕೊಂಡೆ. ಆಟ ಮುಂದುವರಿಸಬೇಕಲ್ಲ ಎಂದು ಮುಂದಿನ ಶನಿವಾರವೂ ಕರೆದೆ, ಅದರ ಮುಂದಿನದಕ್ಕೂ ಕರೆದೆ. ನನ್ನನ್ನು ನೋಡಿ ಒರಿಯೆತ್ತಾ ಅವಳಿಗೆ ನಮಸ್ಕಾರ ಹೇಳತೊಡಗಿದಳು. ಈಸ್ಟರಿಗೆ ಸೊಪ್ಪಿನ ರೊಟ್ಟಿಯ ತಟ್ಟೆ ಅವಳ ಬಾಗಿಲಲ್ಲಿ ನಿಂತಿತು. ಕೋಟೆಗೆ ಬಂದ ಮಂದಿಯ ಪೆದ್ದು ಪ್ರಶ್ನೆಗಳನ್ನೆಲ್ಲ ಇಲ್ವಾ ಮುಖ ಗಂಟು ಹಾಕಿಕೊಂಡೇ ಹೇಳುತ್ತಿದ್ದಳು, ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಏಪ್ರಿಲ್ ಹೊತ್ತಿಗೆ ನಾನು ಶನಿವಾರಕ್ಕಾಗಿ ಕಾಯುತ್ತಿದ್ದೆ. ಗಾಜಿನ ಮಾತು ಮರೆತೇ ಹೋಗಿತ್ತು.

ಒಂದು ಮಾತ್ರ ವಿಚಿತ್ರವಾಗಿತ್ತು. ಕೋಟೆ ನೋಡುವವರನ್ನು ಅವಳು ಈಗ ಕಮಾನಿನ ಕೆಳಗೆ ಗುಂಪಾಗಿ ಬಿಡುತ್ತಿರಲಿಲ್ಲ. ಒಬ್ಬೊಬ್ಬರನ್ನೇ ಬೇಗ ಬೇಗ ದಾಟಿಸಿ, ಕೊನೆಯವರು ಆಚೆ ಹೋಗುವ ತನಕ ತಾನು ಕಮಾನಿನ ನಡುವೆಯೇ ನಿಂತು ಮೇಲೆ ನೋಡುತ್ತಿರುತ್ತಿದ್ದಳು. ಕುರಿ ಎಣಿಸ್ತಿದೀಯೇನೇ ಎಂದು ರೇಗಿಸಿದೆ. ಹಳೇ ಕಮಾನು, ಗಲಾಟೆ ಬೇಡ ಎಂದಳು.

ಮೇ ತಿಂಗಳ ಎರಡನೇ ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆಯ ಹೊತ್ತಿಗೆ, ಮೇಲಿಂದ ಮಣ್ಣು ಉದುರಿತು. ಆರು ಮಂದಿ ದಾಟಿಯಾಗಿತ್ತು. ಏಳನೆಯವಳು ಫೋಟೋ ತೆಗೆಯುತ್ತ ಕಮಾನಿನ ಕೆಳಗೆ ನಿಂತಿದ್ದಳು. ಇಲ್ವಾ ಅವಳನ್ನು ಎರಡೂ ಕೈಯಿಂದ ದಬ್ಬಿದಳು. ಕಮಾನು, ಜೊತೆಗೆ ನನ್ನ ಮನೆಯ ಅರ್ಧ ಗೋಡೆ, ಓಣಿಯಲ್ಲಿ ಕುಸಿದು ಬಿದ್ದವು. ಧೂಳು ಇಳಿದಾಗ ನಾನು ಕಲ್ಲು ಎತ್ತಿಹಾಕುತ್ತ ಅವಳ ಹೆಸರು ಕೂಗುತ್ತಿದ್ದೆ. ಯಾರೂ ಸಾಯಲಿಲ್ಲ. ಇಲ್ವಾಳ ಬಲಗೈಯ ಎರಡು ಬೆರಳು ಹೋದವು, ಉಳಿದ ಮೂರು ಇನ್ನೂ ಮಡಿಸಲು ಬರುವುದಿಲ್ಲ.

ಎರಡು ವಾರದ ಮೇಲೆ ಚರ್ಚಿನ ಮುಂದೆ ಇಡೀ ಊರು ಸೇರಿದ್ದಾಗ ಫೊರ್ನಾರಿ ಅವಳ ಪುಸ್ತಕ ತೆರೆದು ಓದಿದ. ಕಮಾನು ಬಿದ್ದ ಹಿಂದಿನ ದಿನವೂ ಹನ್ನೊಂದರ ಮುಂದೆ 'ಇಡಿಯಾಗಿದೆ' ಎಂದಿತ್ತು. ಅವನೇನೂ ಕಿರುಚಾಡಲಿಲ್ಲ.

"ಗಾಜು ಒಡೀದೆ ಇಂಥ ಗೋಡೆ ಬೀಳೋದಿಲ್ಲ ಕಣಮ್ಮಾ. ತಿಂಗಳುಗಳ ಮೊದಲೇ ಒಡೆದಿರತ್ತೆ. ನೀವು ಮನೇಲಿ ಕೂತೇ ಬರೆದಿದೀರಿ."

ಇಲ್ವಾ ಮುಂದೆ ಬಂದಳು. ಬ್ಯಾಂಡೇಜಿನ ಕೈಯಿಂದ ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟಳು. ಜನ ಗುಸುಗುಸು ಎಂದರು. ಎಜಿಸ್ತೊನ ಮನೆಯ ಗಾಜು ಕಂಡಿತು, ಕಮಾನಿನದು ಕಾಣಲಿಲ್ಲ ಇವಳಿಗೆ ಎಂದಳು ಒರಿಯೆತ್ತಾ. ನಾನು ಅಲ್ಲೇ, ಮೂರನೇ ಸಾಲಿನಲ್ಲಿ ನಿಂತಿದ್ದೆ. ನನ್ನ ಬಾಯಿಗೆ ಬೀಗ ಬಿದ್ದಿತ್ತು.

ಓಣಿಯ ಅಷ್ಟೂ ಮನೆಗಳಿಗೆ ಕೆಂಪು ಪಟ್ಟಿ ಬಿದ್ದು, ನಮ್ಮನ್ನೆಲ್ಲ ಕೆಳಗಿನ ಫ್ಲ್ಯಾಟುಗಳಿಗೆ ಕಳಿಸಿದರು. ನನ್ನದು ಎರಡನೇ ಮಹಡಿ, ಇಲ್ವಾಳದು ಮೂರನೆಯದು, ಎಜಿಸ್ತೊ ಇದ್ದ ಮನೆಯ ಪಕ್ಕದ್ದು. ಹೋಗಿ ಹೇಳಿಬಿಡಬೇಕು ಎಂದು ಇಪ್ಪತ್ತು ದಿನ ಮೆಟ್ಟಿಲು ನೋಡಿ ವಾಪಸಾದೆ. ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತ್ತು. ಇಪ್ಪತ್ತೊಂದನೇ ದಿನ ಬೆಳಗ್ಗೆ ಮೆಟ್ಟಿಲು ಹತ್ತಿದೆ.

ಅವಳು ಕೂರು ಎಂದಳು. ಎಡಗೈಯಲ್ಲಿ ಕಾಫಿ ಇಟ್ಟಳು, ಕೇಳದೆಯೇ ನನ್ನದಕ್ಕೆ ಎರಡು ಚಮಚ ಸಕ್ಕರೆ ಹಾಕಿದಳು. ಇಲ್ವಾ, ಆ ಹನ್ನೊಂದು, ಎಂದು ನಾನು ತೊದಲಿದೆ.

"ನಿನ್ನ ಗಾಜು ಬಹಳ ಚೆನ್ನಾಗಿತ್ತು ನೆಲ್ಲೊ," ಎಂದಳು. "ಇಂಜಿನಿಯರಂದು ಅಗ್ಗದ ಮಾಲು. ಅದರಲ್ಲಿ ನಂಬರಿನ ಪಕ್ಕ ಎಳ್ಳಿನಷ್ಟು ಗುಳ್ಳೆ ಇತ್ತು. ಪ್ರತಿ ಶನಿವಾರ ನೋಡ್ತಿದ್ದೆನಲ್ಲ. ನಿನ್ನದರಲ್ಲಿ ಇರ್ಲಿಲ್ಲ."

ಹಾಗಾದರೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ಅವಳು ಕಿಟಕಿಯ ಕಡೆ ತಿರುಗಿದಳು. ಅಲ್ಲಿಂದ ಮುರಿದ ಕಮಾನು ಕಾಣುತ್ತಿತ್ತು.

"ಫೋನು ಮಾಡೋಣ ಅಂತಲೇ ಇದ್ದೆ. ಅಷ್ಟರಲ್ಲಿ ನೀನು ಕಾಫಿಗೆ ಕರೆದೆ. ಮೂರು ವರ್ಷ ಆಗಿತ್ತು ನೆಲ್ಲೊ, ನನ್ನನ್ನ ಯಾರೂ ಒಳಗೆ ಕರೆದು. ಮುಂದಿನ ವಾರ ಮಾಡೋಣ ಅಂದುಕೊಂಡೆ. ಮುಂದಿನ ವಾರವೂ ನೀನು ಕರೆದೆ. ಕಮಾನಿನ ಕೆಳಗೆ ನಾನೇ ನಿಂತ್ಕೊಂಡ್ರೆ ಸಾಕು ಅಂತ ನನಗೆ ನಾನೇ ಸುಳ್ಳು ಹೇಳ್ಕೊಂಡೆ."

ನಾನು ಅತ್ತೆ. ಅರವತ್ತೆಂಟು ವರ್ಷದವನು ಮಕ್ಕಳ ಹಾಗೆ ಅತ್ತೆ. ಇವತ್ತೇ ಫೊರ್ನಾರಿಗೆ ಎಲ್ಲ ಹೇಳುತ್ತೇನೆ, ಅವಳ ಹೆಸರು ಉಳಿಸುತ್ತೇನೆ ಎಂದೆ.

"ನನ್ನ ಹೆಸರು ಹೇಗೆ ಉಳಿಯತ್ತೆ? ಈಗ ನೋಡದೇ ಬರೆದೋಳು ಅಂತಾರೆ. ನೀನು ಹೇಳಿದ್ರೆ ನಾನೂ ಹೇಳ್ಬೇಕಾಗತ್ತೆ. ಆಗ ನೋಡಿಯೂ ಜನಾನ ಕಮಾನಿನ ಕೆಳಗೆ ಬಿಟ್ಟೋಳು ಅಂತಾರೆ."

"ಹಾಗಾದ್ರೆ ಬೇಡ ಬಿಡು," ಎಂದೆ. ನಾಚಿಕೆಗೇಡು, ನನ್ನ ದನಿಯಲ್ಲಿ ಆಸೆ ಇತ್ತು. ಅವಳಿಗೂ ಅದು ಕೇಳಿಸಿತು.

"ಆದ್ರೆ ಆ ಎರಡನೇ ಮಾತೇ ನಿಜ," ಎಂದಳು ಇಲ್ವಾ.

ಎದ್ದು ಹೋಗಿ ಫೋನು ತಂದು ನನ್ನ ಕಾಫಿಯ ಪಕ್ಕದಲ್ಲಿಟ್ಟಳು. ಅವತ್ತು ಶನಿವಾರ ಎಂಬುದು ಆಗ ನನಗೆ ನೆನಪಾಯಿತು.

"ಬಲಗೈಯಲ್ಲಿ ಒತ್ತೋಕೆ ಆಗಲ್ಲ, ಎಡಗೈಗೆ ಇನ್ನೂ ರೂಢಿಯಾಗಿಲ್ಲ. ಇಂಜಿನಿಯರ್ ನಂಬರು ಬಾಯಿಪಾಠ ಇದೆ. ನಾನು ಹೇಳ್ತೀನಿ, ನೀನು ಒತ್ತು."

ಅವಳು ಒಂದೊಂದೇ ಅಂಕಿ ಹೇಳಿದಳು. ನಾನು ಒಂದೊಂದೇ ಒತ್ತಿದೆ. ಕೊನೆಯದಕ್ಕೆ ನನ್ನ ಬೆರಳು ನಿಂತಿತು. ಅವಳು ಅವಸರ ಮಾಡಲಿಲ್ಲ. ಹನ್ನೊಂದರ ಮುಂದೆ ಅವತ್ತು ನಿಂತಿದ್ದಷ್ಟೇ ಹೊತ್ತು ಸುಮ್ಮನೆ ಕಾದು, ಆ ಅಂಕಿಯನ್ನು ಇನ್ನೊಮ್ಮೆ ಹೇಳಿದಳು.