ಒಳಗಿನ ಚಿಲಕ

ನಮ್ಮಣ್ಣನನ್ನು ಎಲ್ಲರೂ ‘ಬೀಗದಣ್ಣ’ ಎನ್ನುತ್ತಾರೆ. ಕೀಲಿ ಕಳೆದುಕೊಂಡವರು ಓಡಿ ಬರುವುದು ಅವನ ಅಂಗಡಿಗೇ. ಊರವರ ಬೀಗ ತೆರೆಯುವ ಈ ಮಹಾಶಯ ಕುಡಿಯುತ್ತಿದ್ದ ಕಾಲದಲ್ಲಿ ಮಾತ್ರ ಸ್ವಂತ ಮನೆಯ ಬಾಗಿಲಲ್ಲಿ ಕೀಲಿ ಹಿಡಿದು ತಡಕಾಡುತ್ತಿದ್ದ. ಒಳಗೆ ನಾವು ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆವು.

ಅತ್ತಿಗೆ ತೀರಿಕೊಂಡ ಮೇಲೆ ಅವನ ಮಗಳನ್ನು ಬೆಳೆಸಿದವಳು ನಾನು. ಹನ್ನೆರಡು ತುಂಬಿದಾಗ ಹುಡುಗಿ, "ನನ್ನ ರೂಮಿಗೆ ಒಳಗಿಂದ ಒಂದು ಚಿಲಕ ಹಾಕ್ಕೊಡಪ್ಪಾ" ಎಂದಳು. ಅವನು ಯಾಕೆಂದು ಕೇಳಲಿಲ್ಲ. ದಪ್ಪ ಹಿತ್ತಾಳೆಯ ಚಿಲಕ ತಂದು ಹಾಕಿ, "ಆನೆ ಬಂದು ಗುದ್ದಿದ್ರೂ ಅಲ್ಲಾಡಲ್ಲ ನೋಡು" ಎಂದು ಬೀಗಿದ. ಯಾವ ಆನೆ ಎಂದು ನನಗೆ ಗೊತ್ತಿತ್ತು. ಕುಡಿದು ಬಂದು ಮಗುವನ್ನು ಎಬ್ಬಿಸಿ ಕೂರಿಸಿ, ಬಾಯಿಗೆ ಬಂದಂತೆ ಬೈದು, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದವನು ಅವನೇ. ನಾನು ತುಟಿ ಪಿಟಕ್ಕೆನ್ನಲಿಲ್ಲ. ಆ ಪಾಪದಲ್ಲಿ ನನಗೂ ಪಾಲಿದೆ.

ಕುಡಿತ ಬಿಟ್ಟು ಐದು ವರ್ಷವಾಯಿತು. ಈಗ ಕೈ ನಡುಗುವುದಿಲ್ಲ, ಊಟ ರುಚಿಸುತ್ತದೆ, ಬೆಳಿಗ್ಗೆ ನನಗಿಂತ ಮೊದಲೆದ್ದು ಹಾಲು ಕಾಯಿಸುತ್ತಾನೆ. ಆದರೆ ಮದುವೆಯಾಗಿ ಹೋದ ಮಗಳು ಬಂದಾಗಲೆಲ್ಲ, ಮಧ್ಯಾಹ್ನ ಮಲಗುವಾಗಲೂ ಚಿಲಕ ಹಾಕಿಕೊಳ್ಳುತ್ತಾಳೆ. ಒಂದೇ ಒಂದು ಸಲ ಆ ಸದ್ದು ಕೇಳದಿರಲಿ ಎಂದು ಅವನು ಕಾಯುತ್ತಾನೆ. "ಅದು ನನಗೆ ಹೆದರಿ ಹಾಕಿಸಿದ್ದು ಅಂತ ಈಗ ಗೊತ್ತಾಯ್ತು ಕಣೇ" ಎಂದು ಒಮ್ಮೆ ಅತ್ತುಬಿಟ್ಟ. ಕೆಟ್ಟ ಮೇಲೆ ಬುದ್ಧಿ ಬಂತು.

ಹೋದ ವಾರ ಅವಳು ಕೂಸಿನೊಂದಿಗೆ ಬಂದಳು. "ಅಪ್ಪಾ, ಚಿಲಕ ಬಿಗಿಯಾಗಿದೆ. ಸ್ವಲ್ಪ ನೋಡ್ತೀಯಾ?"

ನನಗೆ ಮೈಯೆಲ್ಲ ಉರಿಯಿತು. "ಇನ್ನೂ ಯಾಕೆ ಬೇಕೇ ಅದು? ಕಿತ್ತು ಬಿಸಾಕು" ಎಂದೆ.

"ನೀನು ಸುಮ್ಮನಿರು" ಎಂದ ಅಣ್ಣ. ಸ್ಕ್ರೂ ಬಿಚ್ಚಿ, ಕಿಲುಬು ಉಜ್ಜಿ, ಎಣ್ಣೆ ಬಿಟ್ಟು ಮತ್ತೆ ಕೂರಿಸಿದ. ಎಳೆದು ತಳ್ಳಿ ನೋಡಿದ. ಬೆಣ್ಣೆಯ ಹಾಗೆ ಜಾರಿತು, ಒಂದಿಷ್ಟೂ ಸದ್ದಿಲ್ಲ.

ಮಗಳು ಕೂಸನ್ನು ಅವನ ತೋಳಿಗೆ ಕೊಟ್ಟಳು. "ಒಂದು ಗಂಟೆ ಎತ್ಕೊಂಡಿರಪ್ಪಾ, ನನಗೆ ನಿದ್ದೆನೇ ಇಲ್ಲ." ಒಳಗೆ ಹೋಗಿ ಬಾಗಿಲು ಮುಚ್ಚಿದಳು.

ಅವನು ಕೂಸನ್ನು ಎದೆಗವಚಿಕೊಂಡು ಕಿವಿಗೊಟ್ಟು ನಿಂತ. ಏನೂ ಕೇಳಿಸಲಿಲ್ಲ. ಹಾಕಿಕೊಂಡಳೋ, ಬಿಟ್ಟಳೋ, ಇನ್ನು ಹೊರಗಿನವರಿಗೆ ತಿಳಿಯುವಂತಿರಲಿಲ್ಲ.

"ಮೆಲ್ಲಗೆ ತಳ್ಳಿ ನೋಡೋ, ಗೊತ್ತಾಗುತ್ತೆ" ಎಂದೆ.

"ಬೇಡ" ಎಂದ. "ಆ ಬಾಗಿಲು ನಾನು ತಳ್ಳಿದ್ದು ಸಾಕು."