ಅಪ್ಪ ಬಡಿದ ಬೂಚು

ನಾನು ಚಿಕ್ಕವಳಿದ್ದಾಗ ಯಾವ ಸದ್ದು ಕೇಳಿದರೂ ಅದು ಎಲ್ಲಿಂದ ಬಂತೆಂದು ಹುಡುಕದೆ ನನಗೆ ರೊಟ್ಟಿ ಸೇರುತ್ತಿರಲಿಲ್ಲ. ಮನೆಯ ಗಡಿಯಾರ ಬಿಚ್ಚಿ ಬೈಸಿಕೊಂಡಿದ್ದೆ. ಪಕ್ಕದ ಮನೆಯ ಹೊಲಿಗೆ ಯಂತ್ರದೊಳಗೆ ಬೆರಳಿಟ್ಟು ಅತ್ತಿದ್ದೆ. ಅಂಥವಳು, ಬಬಲೇಶ್ವರದ ನಮ್ಮ ಮನೆಯ ಮುಂದೆ ನಿಲ್ಲುತ್ತಿದ್ದ ಅಪ್ಪನ ಹಳೇ ಲಾರಿ ಎಂಜಿನ್ ಆರಿಸಿದ ಮೇಲೂ 'ಸ್ಸ್‌' ಎನ್ನತೊಡಗಿದರೆ ಸುಮ್ಮನಿರುತ್ತೇನೆಯೇ?

ದೊಡ್ಡ ಲಾರಿಯ ಬ್ರೇಕ್ ಕೆಲಸ ಮಾಡುವುದು ಗಾಳಿಯಿಂದ. ಎಂಜಿನ್ ಓಡುವಾಗ ಒಂದು ಟ್ಯಾಂಕಿನಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಪೆಡಲ್ ತುಳಿದರೆ ಅದರ ಕೆಳಗಿನ ವಾಲ್ವ್ ತೆರೆದು ಗಾಳಿ ಗಾಲಿಗಳ ಕಡೆಗೆ ನುಗ್ಗಿ ಬ್ರೇಕ್ ಬಿಗಿಯುತ್ತದೆ. ನಮ್ಮ ಲಾರಿಯಲ್ಲಿ ಆ ವಾಲ್ವಿನ ಕೆಳಗಿದ್ದ ತೂತಿನಿಂದ ಹೊತ್ತುಗೊತ್ತಿಲ್ಲದೆ ಗಾಳಿ ಸೋರುತ್ತಿತ್ತು. ಅಂಗೈ ಹಿಡಿದರೆ ತಣ್ಣಗೆ ತಾಗುತ್ತಿತ್ತು, ಎಣ್ಣೆಯ ವಾಸನೆ ಬರುತ್ತಿತ್ತು. ಒಂದು ದಿನ ಲಾರಿ ಬಿಟ್ಟುಹೋದರೆ ಸರಿ ಮಾಡಿಕೊಡುವುದಾಗಿ ವಿಜಯಪುರದಲ್ಲಿ ಲಾರಿ ರಿಪೇರಿ ಮಾಡುವ ಮಿಸ್ತ್ರಿ ಮಾಮಾ ಹೇಳಿದ್ದರು. ಅಪ್ಪ ಇವತ್ತು ನಾಳೆ ಎಂದು ತಳ್ಳುತ್ತಲೇ ಇದ್ದ.

ಶಾಲೆಗೆ ಸೂಟಿ ಇದ್ದ ಒಂದು ದಿನ ತಿಕೋಟಾದಿಂದ ವಿಜಯಪುರಕ್ಕೆ ದ್ರಾಕ್ಷಿ ಒಯ್ಯುವ ಬಾಡಿಗೆ ಬಂತು. ನಾನೂ ಹಟ ಮಾಡಿ ಹೊರಟೆ. ಹೊರಡುವ ಮುಂಚೆ ಅಪ್ಪ ಬೇವಿನ ಟೊಂಗೆ ಕೆತ್ತಿ ಬೂಚು ಮಾಡಿ, ಅದಕ್ಕೆ ಹಳೇ ಧೋತರದ ಚಿಂದಿ ಸುತ್ತಿ, ಲಾರಿಯ ಕೆಳಗೆ ತೂರಿ ಆ ತೂತಿಗೆ ಬಡಿದ. ಲಾರಿ ಕೊಳ್ಳುವ ಮುಂಚೆ ಅಪ್ಪ ಒಕ್ಕಲುತನ ಮಾಡಿದವನು. ಪೀಪಾಯಿ ಸೋರಿದರೂ ಕಾಲುವೆ ಸೋರಿದರೂ ಬಾಯಿ ಮುಚ್ಚುವುದೊಂದೇ ಅವನಿಗೆ ಗೊತ್ತಿದ್ದ ಮದ್ದು. ಸದ್ದು ನಿಂತೇಹೋಯಿತು.

"ಮಿಸ್ತ್ರಿ ಮುಂದ ಹೇಳಬ್ಯಾಡ ಮತ್ತ," ಎಂದು ನನಗೆ ಕಣ್ಣು ಮಿಟುಕಿಸಿದ. ನನ್ನಪ್ಪನಂಥ ಜಾಣ ಜಿಲ್ಲೆಯಲ್ಲೇ ಇಲ್ಲ ಎನಿಸಿತು.

ತಿಕೋಟಾದ ಆ ದ್ರಾಕ್ಷಿ ತೋಟ ಒಬ್ಬ ಮುದುಕಿಯದು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಬಳ್ಳಿ ನೆಟ್ಟ ಮೇಲೆ ಕೈಗೆ ಬಂದ ಮೊದಲ ಬೆಳೆ ಅದು. ಮಗುವನ್ನು ಮಲಗಿಸಿದ ಹಾಗೆ ಒಂದೊಂದೇ ಗೊಂಚಲನ್ನು ಪೆಟ್ಟಿಗೆಯಲ್ಲಿಟ್ಟು, ತಾನೇ ಮಾರಿ ಬರುವೆನೆಂದು ನನ್ನ ಪಕ್ಕ ಹತ್ತಿ ಕುಳಿತಳು. ಬಿಸಿಲು ಏರುವುದರೊಳಗೆ ಪೇಟೆ ಮುಟ್ಟದಿದ್ದರೆ ಹಣ್ಣು ರಸ ಬಿಟ್ಟು ಹಾಳಾಗುತ್ತಿತ್ತು.

ಖಾಲಿ ಬರುವಾಗಲೇ ಸ್ವಲ್ಪ ಬಿಗಿಯುತ್ತಿದ್ದ ಲಾರಿ, ತಿಕೋಟಾ ದಾಟಿದ ಮೇಲೆ ಪೂರಾ ಮೊಂಡು ಹಿಡಿಯಿತು. ಒಮ್ಮೆ ಬ್ರೇಕ್ ಹಿಡಿದರೆ ಮತ್ತೆ ಮುಂದೆ ಉರುಳಲು ಒಲ್ಲೆ ಎನ್ನುತ್ತಿತ್ತು. ಸುಟ್ಟ ಘಾಟು ಮೂಗಿಗೆ ಬಡಿಯಿತು. ವಿಜಯಪುರ ಇನ್ನೇನು ಬಂತು ಎನ್ನುವಾಗ ನಿಂತೇಬಿಟ್ಟಿತು. ದಾರಿಯಲ್ಲಿ ಬಂದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಅಪ್ಪ ಹೇಳಿಕಳಿಸಿದ. ಮಿಸ್ತ್ರಿ ಮಾಮಾ ಸೈಕಲ್ಲಿಗೆ ಸಾಮಾನಿನ ಚೀಲ ಕಟ್ಟಿಕೊಂಡು ಬಂದರು.

ಮೊದಲು ಗಾಲಿಗಳಿಗೆ ಕಲ್ಲು ಕೊಟ್ಟರು. ಆಮೇಲೆ ಒಂದೊಂದು ಗಾಲಿಯ ಹತ್ತಿರ ಕೂತು ನೋಡಿದರು. ಎಲ್ಲವೂ ಕಾದ ಹಂಚಿನಂತಾಗಿದ್ದವು. ನಾಲ್ಕೂ ಕಡೆ ಒಮ್ಮೆಲೇ ಬ್ರೇಕ್ ಹಿಡಿದುಕೊಂಡಿದ್ದು ಅವರಿಗೂ ವಿಚಿತ್ರವೆನಿಸಿತು. ಎಲ್ಲ ಗಾಲಿ ಬಿಚ್ಚಬೇಕು, ಸಂಜೆಯಾಗುತ್ತದೆ ಎಂದರು. ಆಯಿ ಲಾರಿಯ ಮೇಲೆ ಹತ್ತಿ, ನಾವು ಕುಡಿಯಲು ತಂದಿದ್ದ ನೀರನ್ನು ಪೆಟ್ಟಿಗೆಗಳ ಮೇಲಿನ ಗೋಣಿತಟ್ಟಿಗೆ ಚಿಮುಕಿಸತೊಡಗಿದಳು.

"ಮಾಲಕರ, ಇವತ್ತ ಗಾಡಿಗಿ ಏನರ ಮಾಡೀರೇನು?" ಎಂದು ಮಿಸ್ತ್ರಿ ಕೇಳಿದರು.

ಅಪ್ಪ ಏನೂ ಇಲ್ಲ ಎಂದ. ನಾನು ಹೇಳಿದರೆ ಅಪ್ಪನ ಮರ್ಯಾದೆ, ಹೇಳದಿದ್ದರೆ ಆಯಿಯ ದ್ರಾಕ್ಷಿ. ಅದರ ಜೊತೆಗೆ ದಾರಿಯುದ್ದಕ್ಕೂ ನನ್ನನ್ನು ಕೊರೆಯುತ್ತಿದ್ದ ಸಂಶಯವೊಂದಿತ್ತು. ಅಪ್ಪನ ಕಡೆ ಒಮ್ಮೆ ನೋಡಿ, ಕೇಳಿಯೇಬಿಟ್ಟೆ.

"ಮಾಮಾ, ಬ್ರೇಕ್ ಬಿಟ್ಟ ಮ್ಯಾಲ ಆ ಗಾಳಿ ಎಲ್ಲಿಗಿ ಹೋಗತೈತ್ರಿ?"

"ವಾಲ್ವಿನ ಕೆಳಗ ಒಂದು ತೂತ ಐತಿ ತಂಗಿ, ಅದರಾಗಿಂದ ಹೊರಗ..."

ಅವರ ಮಾತು ಅಲ್ಲಿಗೇ ನಿಂತಿತು. ನನ್ನ ಮುಖ ನೋಡಿದರು, ಅಪ್ಪನ ಮುಖ ನೋಡಿದರು. ಅಪ್ಪ ಕಾಲಬೆರಳಿನಿಂದ ಮಣ್ಣು ಕೆದರುತ್ತಿದ್ದ.

ಮಿಸ್ತ್ರಿ ಲಾರಿಯ ಕೆಳಗೆ ನುಸುಳಿದರು. ನಮ್ಮನ್ನೆಲ್ಲ ದೂರ ನಿಲ್ಲಿಸಿ, ಇಕ್ಕಳದಿಂದ ಬೂಚನ್ನು ಕಿತ್ತರು. ಧುಸ್ಸೆಂದು ಗಾಳಿ ನುಗ್ಗಿ ಕರಿಮಣ್ಣಿನ ಧೂಳೆದ್ದಿತು, ಗಾಲಿಗಳು ಸಡಿಲಾದವು. ಬೂಚನ್ನು ಕೈಯಲ್ಲಿ ತಿರುಗಿಸುತ್ತಾ ಅವರು, "ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಎಳದೀರಲ್ಲರಿ," ಎಂದರು.

ಟ್ಯಾಂಕಿನ ಗಾಳಿಯನ್ನೆಲ್ಲ ಬಿಟ್ಟು, ವಾಲ್ವ್ ಬಿಚ್ಚಿ, ಒಳಗಿನ ರಬ್ಬರನ್ನು ಬಿಸಿಲಿಗೆ ಹಿಡಿದು ನನಗೆ ತೋರಿಸಿದರು. ಕೂದಲೆಳೆಯಷ್ಟು ಸೀಳಿತ್ತು, ಅಷ್ಟೇ. ಸೋರುತ್ತಿದ್ದದ್ದು ಆ ಸೀಳಿನಿಂದ. ಕೆಳಗಿನ ತೂತು ಬ್ರೇಕ್ ಬಿಟ್ಟಾಗ ಗಾಳಿ ಹೊರಹೋಗುವ ದಾರಿ. ಅದನ್ನು ಮುಚ್ಚಿದ್ದಕ್ಕೆ ಗಾಳಿ ಒಳಗೇ ಸಿಕ್ಕಿಕೊಂಡು ಗಾಲಿಗಳನ್ನು ಬಿಡದೆ ಹಿಡಿದಿತ್ತು. ಅವರು ಸೀಮೆಎಣ್ಣೆಯಲ್ಲಿ ಎಲ್ಲ ತೊಳೆದು, ಹೊಸ ರಬ್ಬರಿಗೆ ತೆಳ್ಳಗೆ ಗ್ರೀಸ್ ಸವರಿ ಕೂರಿಸಿದರು. ಎಂಜಿನ್ ಓಡಿಸಿ ಗಾಳಿ ತುಂಬಿಸಿದ ಮೇಲೆ ಸೋಪಿನ ನೀರು ಬಳಿಯುವ ಕೆಲಸ ನನ್ನದಾಯಿತು. ಗಾಳಿ ಸೋರಿದರೆ ಗುಳ್ಳೆ ಏಳುತ್ತದೆ. ರೆಪ್ಪೆ ಬಡಿಯದೆ ನೋಡಿದೆ, ಒಂದೂ ಏಳಲಿಲ್ಲ.

ತಳದ ಕೆಲವು ಪೆಟ್ಟಿಗೆ ಕೆಟ್ಟಿದ್ದವು, ಉಳಿದದ್ದು ಮಾರಾಟವಾಯಿತು. ಆಯಿ ನನಗೊಂದು ಗೊಂಚಲು ಕೊಟ್ಟಳು, ಅಪ್ಪನಿಗೆ ಕೊಡಲಿಲ್ಲ.

ಈಗ, ಮಕ್ಕಳೇ, ವಿಜಯಪುರದ ಜಲನಗರದ ನಮ್ಮ ಮನೆಯಲ್ಲಿ ನಿಮಗೆ ಏನು ಸಂಶಯ ಬಂದರೂ ಫೋನಿಗೆ ಕೇಳುತ್ತೀರಿ. ಕಾರಿನಲ್ಲಿ ಏನು ಕೆಟ್ಟರೂ ಕೆಂಪು ದೀಪ ಹತ್ತಿ ತಾನೇ ಹೇಳುತ್ತದೆ. ಒಳ್ಳೆಯದೇ, ನನಗೆ ಹೊಟ್ಟೆಕಿಚ್ಚೂ ಆಗುತ್ತದೆ. ನಿಮ್ಮ ಪ್ರಶ್ನೆಗೆ ಯಾರ ತಲೆಯೂ ತಗ್ಗುವುದಿಲ್ಲ. ನನ್ನ ಪ್ರಶ್ನೆಗೆ ಅಪ್ಪನ ತಲೆ ತಗ್ಗಿತ್ತು. ಅವತ್ತು ವಾಪಸು ಬರುವಾಗ ಅವನು, "ಸುತ್ತಿಬಳಸಿ ಯಾಕ ಕೇಳಿದಿ ಯವ್ವಾ? ನಮ್ಮಪ್ಪ ಬೂಚ ಬಡದಾನ ಅಂತ ನೆಟ್ಟಗ ಹೇಳಬೇಕಿಲ್ಲೋ," ಎಂದ.

ಹೇಳಿದ್ದರೆ ಹೊಡೆಯುತ್ತಿದ್ದೆಯಾ ಎಂದು ಕೇಳಿದೆ.

ಅಪ್ಪ ರಸ್ತೆ ನೋಡುತ್ತಲೇ ಯೋಚಿಸಿದ. "ಹೊಡೀತಿದ್ದೆ," ಎಂದ. "ಹೊಡದಿದ್ರ, ನನ್ನ ತಪ್ಪ ಎರಡ ಆಗತಿದ್ವು."